ಹೊರಗಿನ ಶಾಯಿ, ಒಳಗಿನ ಬೀಗ

ಪ್ರಿಂಟರ್ ಕಾರ್ಟ್ರಿಜ್, ಅಂದರೆ ಶಾಯಿ ಡಬ್ಬಿ, ಕುರಿತು 2024ರಿಂದೀಚೆಗೆ ಬಂದಿರುವ ಸುದ್ದಿಗಳನ್ನು ಸಾಲಾಗಿ ಓದಿದರೆ ತಲೆ ಗಿರ್ರೆನ್ನುತ್ತದೆ. ಆ ವರ್ಷದ ಜನವರಿಯಲ್ಲಿ ಎಚ್‌ಪಿ ಕಂಪನಿಯ ಆಗಿನ ಮುಖ್ಯಸ್ಥ ಎನ್ರಿಕ್ ಲೋರೆಸ್ ಟಿವಿ ಸಂದರ್ಶನವೊಂದರಲ್ಲಿ, ಹೊರಗಿನವರ ಕಾರ್ಟ್ರಿಜ್ ಮೂಲಕ ಪ್ರಿಂಟರ್‌ಗೂ ಅಲ್ಲಿಂದ ನೆಟ್‌ವರ್ಕ್‌ಗೂ ವೈರಸ್ ನುಗ್ಗಬಹುದು ಎಂದರು. 2025ರ ಮಾರ್ಚ್‌ನಲ್ಲಿ ಬ್ರದರ್ ಕಂಪನಿಯೂ ಎಚ್‌ಪಿಯಂತೆ ಪ್ರಿಂಟರ್‌ನ ತಂತ್ರಾಂಶದ ಅಪ್‌ಡೇಟ್ ಮೂಲಕ ಹೊರಗಿನ ಶಾಯಿಗೆ ತಡೆ ಹಾಕುತ್ತಿದೆ ಎಂಬ ಆರೋಪ ಬಂತು, ಕಂಪನಿ ಸ್ಪಷ್ಟವಾಗಿ ನಿರಾಕರಿಸಿತು. ಅದೇ ತಿಂಗಳು ಎಚ್‌ಪಿಯ ಒಂದು ಅಪ್‌ಡೇಟ್‌ನಿಂದಾಗಿ ಕೆಲವು ಲೇಸರ್ ಪ್ರಿಂಟರ್‌ಗಳು ಎಚ್‌ಪಿಯದೇ ಟೋನರ್ (ಲೇಸರ್ ಯಂತ್ರಕ್ಕೆ ಹಾಕುವ ಪುಡಿ ಶಾಯಿ) ಅನ್ನು ಗುರುತಿಸದೆ ನಿಂತುಬಿಟ್ಟವು. ಅದೇ ಹೊತ್ತಿಗೆ ಅಮೆರಿಕದ ನ್ಯಾಯಾಲಯವೊಂದರಲ್ಲಿ ರಾಜಿಯೊಂದು ಮುಗಿಯಿತು. ಅದರ ಪ್ರಕಾರ ಎಚ್‌ಪಿಯ ಕೆಲವು ಮಾದರಿಗಳ ಮಾಲೀಕರು ಇಂಥ ತಡೆಯಿರುವ ಅಪ್‌ಡೇಟ್ ಅನ್ನು ಬೇಡವೆನ್ನಬಹುದು, ಆದರೆ ಅವರ ಕೈಗೆ ನಷ್ಟಪರಿಹಾರದ ಒಂದು ಡಾಲರ್ ಕೂಡ ಬರುವುದಿಲ್ಲ.

ಇವುಗಳ ಚೂರುಪಾರು ಹುಬ್ಬಳ್ಳಿ-ಧಾರವಾಡದ ಪಾಲಕರ ವಾಟ್ಸ್ಆ್ಯಪ್ ಗುಂಪುಗಳನ್ನು ಮುಟ್ಟುವ ಹೊತ್ತಿಗೆ ಉಳಿಯುವುದು ಒಂದೇ ಸಾಲು: ‘ಹೊರಗಿನ ಇಂಕ್ ಹಾಕಿಸಬೇಡಿ, ವೈರಸ್ ಬರುತ್ತದೆ.’ ಕೋವಿಡ್ ಕಾಲದ ಆನ್‌ಲೈನ್ ತರಗತಿಗಳಿಗೆಂದು ವಿದ್ಯಾನಗರ, ಗೋಕುಲ ರಸ್ತೆ, ಸಪ್ತಾಪುರದ ಮನೆಗಳಿಗೆ ಬಂದ ಪುಟ್ಟ ಪ್ರಿಂಟರ್‌ಗಳು ಈಗಲೂ ಅಲ್ಲೇ ಇವೆ. ಮಕ್ಕಳ ಪ್ರಾಜೆಕ್ಟ್, ಸ್ಪರ್ಧಾತ್ಮಕ ಪರೀಕ್ಷೆಯ ಪ್ರವೇಶಪತ್ರ, ಬ್ಯಾಂಕಿನ ಅರ್ಜಿ ಎಂದು ಅವುಗಳಿಗೆ ಕೆಲಸವೂ ಇದೆ. ಕಾರ್ಟ್ರಿಜ್ ಖಾಲಿಯಾದಾಗ ಅಂಗಡಿಯವರು ‘ಒರಿಜಿನಲ್ ಬೇಕೋ, ರೀಫಿಲ್ ಸಾಕೋ’ ಎಂದು ಕೇಳುತ್ತಾರೆ. ಉತ್ತರ ಹೇಳುವುದು ಕಷ್ಟವಾಗುವುದಕ್ಕೆ ಕಾರಣ, ಆ ಪ್ರಶ್ನೆಯೊಳಗೆ ಕನಿಷ್ಠ ಮೂರು ಬೇರೆ ಬೇರೆ ಪ್ರಶ್ನೆಗಳು ಕಲಸಿಹೋಗಿವೆ.

ಒಂದೇ ಹೆಸರಿನ ಮೂರು ಸರಕು

ಮಾತಿನಲ್ಲಿ ಎಲ್ಲವೂ ‘ಡೂಪ್ಲಿಕೇಟ್’. ಆದರೆ ಮೊದಲನೆಯದು ರೀಫಿಲ್: ಡಬ್ಬಿ ಕಂಪನಿಯದೇ, ಒಳಗಿನ ಶಾಯಿ ಮಾತ್ರ ಬೇರೆಯವರದು. ಎರಡನೆಯದು ಕಂಪ್ಯಾಟಿಬಲ್: ಬೇರೊಬ್ಬ ತಯಾರಕ ತನ್ನದೇ ಹೆಸರಿನಲ್ಲಿ, ಇಂಥ ಪ್ರಿಂಟರ್‌ಗೆ ಹೊಂದುತ್ತದೆ ಎಂದು ಹೇಳಿ ಮಾರುವ ಹೊಸ ಕಾರ್ಟ್ರಿಜ್. ಇಂಥವುಗಳ ಬಹುಪಾಲು ತಯಾರಾಗುವುದು ಚೀನಾದಲ್ಲಿ, ಅದರಲ್ಲೂ ಝುಹಾಯ್ ನಗರದಲ್ಲಿ. ಮೂರನೆಯದು ಖೊಟ್ಟಿ ಮಾಲು: ಕಂಪನಿಯ ಹೆಸರು, ಪೆಟ್ಟಿಗೆ, ಹೊಲೋಗ್ರಾಂ ಎಲ್ಲವನ್ನೂ ಕದ್ದು ಒರಿಜಿನಲ್ ಎಂದೇ ಮಾರುವ ಸರಕು.

ಧಾರವಾಡದಲ್ಲಿ ಯಾರು ಬೇಕಾದರೂ ಪೇಢೆ ಮಾಡಿ ತಮ್ಮ ಹೆಸರಿನಲ್ಲಿ ಮಾರಬಹುದು. ಹೆಸರಾಂತ ಅಂಗಡಿಯ ಪೆಟ್ಟಿಗೆಯ ನಕಲು ಅಚ್ಚು ಹಾಕಿಸಿ ಅದರಲ್ಲಿ ತುಂಬಿ ಮಾರಿದರೆ ಮಾತ್ರ ಅದು ಮೋಸ. ಕಾರ್ಟ್ರಿಜ್ ವಿಷಯದಲ್ಲೂ ಗೆರೆ ಇರುವುದು ಅಲ್ಲೇ. ಮೂರನೆಯದು ಅಪರಾಧ, ಮೊದಲ ಎರಡು ವ್ಯಾಪಾರ. ಕಂಪನಿಗಳ ಜಾಹೀರಾತು ಈ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳುವುದು ಅಚಾತುರ್ಯದಿಂದಲ್ಲ. ಖೊಟ್ಟಿ ಮಾಲಿನ ಮಸಿ ರೀಫಿಲ್‌ನವರ ಮುಖಕ್ಕೂ ಹತ್ತಿದರೆ ಲಾಭ ಯಾರಿಗೆಂದು ಬಿಡಿಸಿ ಹೇಳಬೇಕಿಲ್ಲ.

ಹೆಡ್ ಎಲ್ಲಿದೆ?

ಶಾಯಿ ಚಿಮ್ಮುವ ಸೂಕ್ಷ್ಮ ರಂಧ್ರಗಳಿರುವ ಭಾಗಕ್ಕೆ ಮೆಕ್ಯಾನಿಕ್‌ಗಳು ‘ಹೆಡ್’ ಎನ್ನುತ್ತಾರೆ. ಹೊರಗಿನ ಶಾಯಿಯಿಂದ ಪ್ರಿಂಟರ್ ಕೆಡುತ್ತದೆಯೇ ಎಂಬುದಕ್ಕೆ ಉತ್ತರ, ಆ ಹೆಡ್ ಕಾರ್ಟ್ರಿಜ್‌ಗೆ ಅಂಟಿಕೊಂಡಿದೆಯೋ, ಪ್ರಿಂಟರ್‌ನ ಒಳಗೆ ಕೂತಿದೆಯೋ ಎಂಬುದರ ಮೇಲೆ ನಿಂತಿದೆ.

ಎಚ್‌ಪಿಯ 680, 803, ಕ್ಯಾನನ್‌ನ 745, 746ರಂಥ ಕಾರ್ಟ್ರಿಜ್‌ಗಳನ್ನು ತಿರುಗಿಸಿ ನೋಡಿದರೆ ಕೆಳಗೆ ಒಂದು ತೆಳುವಾದ ಲೋಹದ ಪಟ್ಟಿ, ಹಿಂಬದಿಯಲ್ಲಿ ತಾಮ್ರದ ಚುಕ್ಕೆಗಳು ಕಾಣುತ್ತವೆ. ಆ ಪಟ್ಟಿಯೇ ಹೆಡ್. ಅದರೊಳಗಿನ ಕೂದಲೆಳೆಗಿಂತ ಸಣ್ಣ ರಂಧ್ರಗಳ ಹಿಂದೆ ಪುಟ್ಟ ಹೀಟರ್‌ಗಳಿವೆ. ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಪಾಲು ಕಡಿಮೆ ಸಮಯದಲ್ಲಿ ಅವು ಸುಮಾರು 300 ಡಿಗ್ರಿ ಸೆಲ್ಸಿಯಸ್‌ಗೆ ಕಾಯ್ದು, ಅಲ್ಲಿರುವ ಶಾಯಿಯ ಪದರವನ್ನು ಕುದಿಸಿ ಗುಳ್ಳೆ ಎಬ್ಬಿಸುತ್ತವೆ. ಗುಳ್ಳೆ ಹನಿಯನ್ನು ಹೊರಗೆ ನೂಕುತ್ತದೆ. ಎಚ್‌ಪಿ, ಕ್ಯಾನನ್ ಎರಡರದೂ ಇದೇ ವಿಧಾನ. ಇಲ್ಲಿ ಶಾಯಿಗೆ ಎರಡು ಕೆಲಸ: ಕಾಗದಕ್ಕೆ ಬಣ್ಣ, ಹೀಟರ್‌ಗೆ ತಂಪು. ಖಾಲಿ ಕಾರ್ಟ್ರಿಜ್‌ನಲ್ಲಿ ‘ಇನ್ನೊಂದು ಪುಟ ಬರಲಿ’ ಎಂದು ಒತ್ತುತ್ತಾ ಹೋದರೆ ಹೀಟರ್ ಒಣಗಿದಲ್ಲೇ ಉರಿದು ಸುಟ್ಟುಹೋಗುತ್ತದೆ. ಆಮೇಲೆ ಎಷ್ಟು ರೀಫಿಲ್ ಮಾಡಿಸಿದರೂ ಅಕ್ಷರದ ನಡುವೆ ಬಿಳಿ ಗೆರೆ ತಪ್ಪುವುದಿಲ್ಲ. ಬೈಗುಳ ಬೀಳುವುದು ಮಾತ್ರ ಶಾಯಿಗೆ.

ಈ ಜಾತಿಯಲ್ಲಿ ಕೆಟ್ಟ ಶಾಯಿ ಹಾಕಿ ಹೆಡ್ ಕಟ್ಟಿಕೊಂಡರೂ ಹೋಗುವುದು ಆ ಕಾರ್ಟ್ರಿಜ್ ಒಂದೇ. ಹೊಸದು ಹಾಕಿದರೆ ಹೊಸ ಹೆಡ್ ಬಂದಂತೆ. ಶಾಯಿ ಸೋರಿ ಒಳಗೆ ರಾಡಿ ಮಾಡದಿದ್ದರೆ ಪ್ರಿಂಟರ್‌ಗೆ ಏನೂ ಆಗುವುದಿಲ್ಲ.

ಬಾಟಲಿಯ ಶಾಯಿಯನ್ನು ನೇರವಾಗಿ ಯಂತ್ರದ ತೊಟ್ಟಿಗೆ ಸುರಿಯುವ ಇಂಕ್ ಟ್ಯಾಂಕ್ ಪ್ರಿಂಟರ್‌ಗಳ ಕಥೆಯೇ ಬೇರೆ. ಎಪ್ಸನ್‌ನ ಎಲ್ ಸರಣಿಯಲ್ಲಿ ಹೆಡ್ ಯಂತ್ರದ ಅಂಗ. ಅಲ್ಲಿ ಶಾಖವಿಲ್ಲ, ವಿದ್ಯುತ್ ತಾಗಿದಾಗ ಬಾಗುವ ಪಿಯೆಜೊ ಹರಳು ಪಂಪಿನಂತೆ ಹನಿಯನ್ನು ಒತ್ತಿ ಹೊರಹಾಕುತ್ತದೆ. ಆ ಹೆಡ್ ಬಾಳಿಕೆಯದು, ಆದರೆ ಕಟ್ಟಿಕೊಂಡು ಬದಲಿಸಬೇಕಾಗಿ ಬಂದರೆ ಅದರ ಖರ್ಚು ಹೊಸ ಪ್ರಿಂಟರ್ ಬೆಲೆಯ ದೊಡ್ಡ ಪಾಲನ್ನು ನುಂಗುತ್ತದೆ. ಶಾಯಿ ಹರಿಯುವ ಸಣ್ಣ ಕೊಳವೆಗಳೂ ಒಳಗೇ ಇರುವುದರಿಂದ ಕಳಪೆ ಶಾಯಿಯನ್ನು ತೊಳೆದು ತೆಗೆಯುವುದು ಸುಲಭವಲ್ಲ.

ಅಗ್ಗದ ಯಂತ್ರ, ದುಬಾರಿ ಹನಿ

ಪ್ರಿಂಟರ್ ಉದ್ಯಮದ ಅಡಿಪಾಯವೇ ಈ ಲೆಕ್ಕ: ಯಂತ್ರವನ್ನು ಅಗ್ಗವಾಗಿ, ಕೆಲವೊಮ್ಮೆ ನಷ್ಟದಲ್ಲಿ ಮಾರು, ಶಾಯಿಯಲ್ಲಿ ವಸೂಲು ಮಾಡು. ಎಚ್‌ಪಿಯ ಮುದ್ರಣ ವಿಭಾಗದ ಆದಾಯದಲ್ಲಿ ಅರ್ಧಕ್ಕಿಂತ ಹೆಚ್ಚು ಬರುವುದು ಶಾಯಿ, ಟೋನರ್‌ನಂಥ ಸರಕಿನಿಂದಲೇ. ಲೋರೆಸ್ ಅವರು ಅದೇ ಸಂದರ್ಶನದಲ್ಲಿ, ನಮ್ಮ ಶಾಯಿ ಬಳಸದ ಗ್ರಾಹಕ ನಮ್ಮ ಪಾಲಿಗೆ ಕೆಟ್ಟ ಹೂಡಿಕೆ ಎಂಬರ್ಥದ ಮಾತನ್ನೂ ಆಡಿದರು. ವೈರಸ್ ಮಾತಿಗಿಂತ ಈ ಮಾತು ಹೆಚ್ಚು ಪ್ರಾಮಾಣಿಕ.

ಎಚ್‌ಪಿ 680ರ ಕಪ್ಪು ಕಾರ್ಟ್ರಿಜ್ ಸುಮಾರು 480 ಪುಟ ಬರುತ್ತದೆ ಎಂದು ಕಂಪನಿಯೇ ಹೇಳುತ್ತದೆ. ಮೂರು ಬಣ್ಣದ್ದು ಸುಮಾರು 150. ಎಪ್ಸನ್‌ನ 003 ಕಪ್ಪು ಶಾಯಿಯ 65 ಮಿಲಿಲೀಟರ್ ಬಾಟಲಿಗೆ ಕಂಪನಿ ಹೇಳುವ ಲೆಕ್ಕ 4,500 ಪುಟ. ಬೆಲೆ ಅಂಗಡಿಯಿಂದ ಅಂಗಡಿಗೆ, ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ಆದ್ದರಿಂದ ಲೆಕ್ಕಕ್ಕಾಗಿ ಕಾರ್ಟ್ರಿಜ್‌ಗೆ 900 ರೂಪಾಯಿ, ಅದರ ರೀಫಿಲ್‌ಗೆ 200, ಕಂಪನಿಯ ಬಾಟಲಿಗೆ 400, ಹೊರಗಿನ ಬಾಟಲಿಗೆ 150 ಎಂದು ಹಿಡಿಯೋಣ. ರೀಫಿಲ್‌ನಿಂದಲೂ ಅಷ್ಟೇ ಪುಟ ಬರುತ್ತವೆ ಎಂದೂ ಇಟ್ಟುಕೊಳ್ಳೋಣ.

ಹೊಸ ಕಾರ್ಟ್ರಿಜ್‌ನಲ್ಲಿ ಪುಟಕ್ಕೆ ಒಂದು ರೂಪಾಯಿ 88 ಪೈಸೆ, ರೀಫಿಲ್‌ನಲ್ಲಿ 42 ಪೈಸೆ. ತಿಂಗಳಿಗೆ ನೂರು ಪುಟ ತೆಗೆಯುವ ಮನೆಗೆ ಉಳಿಯುವುದು ಸುಮಾರು 146 ರೂಪಾಯಿ. ಟ್ಯಾಂಕ್ ಪ್ರಿಂಟರ್‌ನಲ್ಲಿ ಕಂಪನಿಯ ಶಾಯಿಗೆ ಪುಟಕ್ಕೆ ಸುಮಾರು 9 ಪೈಸೆ, ಹೊರಗಿನದಕ್ಕೆ 3 ಪೈಸೆಯ ಆಸುಪಾಸು. ಅದೇ ನೂರು ಪುಟಕ್ಕೆ ಉಳಿತಾಯ ಐದೂವರೆ ರೂಪಾಯಿ; ಒಂದು ಕಪ್ ಚಹಾ ಕೂಡ ಬರುವುದಿಲ್ಲ.

ಈ ಎರಡು ಲೆಕ್ಕವನ್ನು ಹಿಂದಿನ ಭಾಗದ ಹೆಡ್ ವಿಚಾರದ ಪಕ್ಕ ಇಟ್ಟರೆ ಒಂದು ವಿಚಿತ್ರ ಕಾಣುತ್ತದೆ. ಎಲ್ಲಿ ಹೊರಗಿನ ಶಾಯಿಯಿಂದ ಅಪಾಯ ಕಡಿಮೆಯೋ ಅಲ್ಲಿ ಉಳಿತಾಯ ದೊಡ್ಡದು. ಎಲ್ಲಿ ಅಪಾಯ ದೊಡ್ಡದೋ ಅಲ್ಲಿ ಉಳಿತಾಯ ಚಿಲ್ಲರೆ. ನಮ್ಮ ಊರುಗಳಲ್ಲಿ ಜನ ಮಾಡುವುದು ಅನೇಕ ಬಾರಿ ಇದರ ತದ್ವಿರುದ್ಧ. ಕಾರ್ಟ್ರಿಜ್ ರೀಫಿಲ್ ಮಾಡಿಸಲು ಹೆದರಿ ಪೂರ್ತಿ ಬೆಲೆ ಕೊಡುತ್ತಾರೆ, ಟ್ಯಾಂಕಿಗೆ ಮಾತ್ರ ಅಳುಕಿಲ್ಲದೆ ಲೀಟರ್ ಲೆಕ್ಕದ ಹೆಸರಿಲ್ಲದ ಶಾಯಿ ಸುರಿಯುತ್ತಾರೆ. ದಿನಕ್ಕೆ ನೂರಾರು ಪಹಣಿ, ಅರ್ಜಿ ತೆಗೆಯುವ ಗ್ರಾಮ ಒನ್ ಕೇಂದ್ರಕ್ಕೋ ಸಪ್ತಾಪುರದ ಝೆರಾಕ್ಸ್ ಅಂಗಡಿಗೋ ಆ ಆರು ಪೈಸೆಯೂ ದೊಡ್ಡದು. ಹೆಡ್ ಹೋದರೂ ಅಷ್ಟರೊಳಗೆ ಅದರ ಬೆಲೆ ದುಡಿದುಕೊಂಡಿರುತ್ತಾರೆ. ಮನೆಯವರಿಗೆ ಆ ಲೆಕ್ಕ ಒಗ್ಗುವುದಿಲ್ಲ.

ಕಂಪನಿ ಹೇಳುವ ಪುಟಗಳ ಸಂಖ್ಯೆ ಗೊತ್ತುಪಡಿಸಿದ ಮಾದರಿ ಪುಟಗಳನ್ನು ಬಿಡದೆ ಮುದ್ರಿಸಿ ತೆಗೆದದ್ದು. ಮನೆಯಲ್ಲಿ ಸೋಮವಾರ ಒಂದು ಪುಟ, ಮುಂದಿನ ಶನಿವಾರ ಎರಡು. ಪ್ರತಿ ಸಲ ಎಚ್ಚರಗೊಂಡಾಗಲೂ ಯಂತ್ರ ಹೆಡ್ ತೊಳೆದುಕೊಳ್ಳಲು ಒಂದಷ್ಟು ಶಾಯಿಯನ್ನು ಚೆಲ್ಲುತ್ತದೆ. ಪುಟದ ತುಂಬ ಕಿತ್ತೂರು ಚೆನ್ನಮ್ಮನ ಬಣ್ಣದ ಚಿತ್ರವಿರುವ ಶಾಲಾ ಪ್ರಾಜೆಕ್ಟ್ ನಾಲ್ಕು ಬಂದರೆ ಆ 150ರ ಲೆಕ್ಕ ಎಲ್ಲಿಗೆ ಇಳಿಯುತ್ತದೆಂದು ಪಾಲಕರಿಗೆ ಗೊತ್ತು. ತಿಂಗಳಿಗೆ ಇಪ್ಪತ್ತು ಪುಟ ಮೀರದ ಮನೆಯಾದರೆ ನಿಜವಾದ ಅಗ್ಗದ ಶಾಯಿ ಓಣಿಯ ಮೂಲೆಯ ಝೆರಾಕ್ಸ್ ಅಂಗಡಿಯಲ್ಲಿದೆ.

ಬೀಗ ಬಂದ ಬಗೆ

ಶಾಯಿಯಲ್ಲಿ ಲಾಭವಿದ್ದರೆ ಇನ್ನೊಬ್ಬ ಅಗ್ಗವಾಗಿ ಶಾಯಿ ಮಾರಲು ಬರುವುದು ಸಹಜ. ಅವನನ್ನು ತಡೆಯಲು ಕಾರ್ಟ್ರಿಜ್‌ಗೆ ಚಿಪ್ ಬಂತು. ಎಷ್ಟು ಶಾಯಿ ಉಳಿದಿದೆ ಎಂದು ಲೆಕ್ಕ ಇಡುವುದು ಅದರ ಒಂದು ಕೆಲಸ. ‘ನಾನು ಕಂಪನಿಯವನೇ’ ಎಂದು ಗುಟ್ಟಿನ ಮಾತಿನಲ್ಲಿ ಪ್ರಿಂಟರ್‌ಗೆ ಹೇಳುವುದು ಇನ್ನೊಂದು. ಹೆಡ್ ಅಂಟಿಕೊಂಡಿರುವ ಸಣ್ಣ ಕಾರ್ಟ್ರಿಜ್‌ಗಳಲ್ಲಿ ಈ ಗುರುತು ಹೆಡ್‌ನ ಸರ್ಕ್ಯೂಟ್‌ನಲ್ಲೇ ಅಡಗಿರುತ್ತದೆ. ಹೊರಗಿನ ತಯಾರಕರು ಆ ಗುಟ್ಟಿನ ಮಾತನ್ನು ಕಲಿತು ತಮ್ಮ ಚಿಪ್ ಮಾಡಿದರು. ಕಂಪನಿಗಳು ಮಾತನ್ನೇ ಬದಲಿಸಿದವು. ಇಂಟರ್‌ನೆಟ್‌ಗೆ ಜೋಡಿಸಿದ ಪ್ರಿಂಟರ್ ಬಂದ ಮೇಲೆ ಮಾರಿದ ಯಂತ್ರದ ಮಾತನ್ನೂ ದೂರದಿಂದಲೇ ಬದಲಿಸುವುದು ಸಾಧ್ಯವಾಯಿತು. ಹೊಸ ತಕರಾರು ಹುಟ್ಟಿದ್ದು ಇಲ್ಲಿ.

2016ರ ಸೆಪ್ಟೆಂಬರ್ 13ರಂದು ಹಲವು ದೇಶಗಳಲ್ಲಿ ಎಚ್‌ಪಿಯ ಆಫೀಸ್‌ಜೆಟ್ ಪ್ರಿಂಟರ್‌ಗಳು, ಹಿಂದಿನ ದಿನದವರೆಗೂ ಒಪ್ಪಿಕೊಂಡಿದ್ದ ಹೊರಗಿನ ಕಾರ್ಟ್ರಿಜ್‌ಗಳನ್ನು ಒಮ್ಮೆಲೇ ತಿರಸ್ಕರಿಸಿದವು. ತಿಂಗಳುಗಳ ಹಿಂದೆಯೇ ಬಂದಿದ್ದ ಅಪ್‌ಡೇಟ್‌ನಲ್ಲಿ ಆ ದಿನಾಂಕ ಕಾದು ಕುಳಿತಿತ್ತು. ಗಲಾಟೆಯಾದಾಗ ಕಂಪನಿ, ಗ್ರಾಹಕರಿಗೆ ಸರಿಯಾಗಿ ತಿಳಿಸದೆ ಇದ್ದುದಕ್ಕೆ ಕ್ಷಮೆ ಕೇಳಿತು. ತಡೆಗೆ ‘ಡೈನಾಮಿಕ್ ಸೆಕ್ಯುರಿಟಿ’ ಎಂಬ ಹೆಸರಿಟ್ಟು ಮುಂದುವರಿಸಿತು. ಆ ಘಟನೆಯ ಕುರಿತು ಅಮೆರಿಕದಲ್ಲಿ ಹೂಡಿದ್ದ ಮೊಕದ್ದಮೆಯನ್ನು 15 ಲಕ್ಷ ಡಾಲರ್ ಕೊಟ್ಟು ಮುಗಿಸಿಕೊಂಡಿತು. 2020ರ ಡಿಸೆಂಬರ್‌ನಲ್ಲಿ ಇಟಲಿಯ ಸ್ಪರ್ಧಾ ಪ್ರಾಧಿಕಾರ ಒಂದು ಕೋಟಿ ಯೂರೊ ದಂಡ ಹಾಕಿತು. ಹೊರಗಿನ ಕಾರ್ಟ್ರಿಜ್‌ಗೆ ಮಿತಿಯಿದೆ ಎಂಬುದನ್ನು ಕೊಳ್ಳುವಾಗ ಸರಿಯಾಗಿ ಹೇಳಲಿಲ್ಲ ಎಂಬುದು ಅಲ್ಲಿನ ಮುಖ್ಯ ಆಕ್ಷೇಪ. ಇಲ್ಲೊಂದು ಸೂಕ್ಷ್ಮವಿದೆ. ತಡೆ ಹಾಕಿದ್ದಕ್ಕಿಂತ, ಹೇಳದೆ ಹಾಕಿದ್ದಕ್ಕೆ ಬಿದ್ದ ದಂಡ ಅದು. ಈಗ ಎಚ್‌ಪಿ ಪೆಟ್ಟಿಗೆಯ ಮೇಲೆಯೇ ಸಣ್ಣ ಅಕ್ಷರದಲ್ಲಿ ಅದನ್ನು ಅಚ್ಚು ಹಾಕುತ್ತದೆ.

ಆ ಸಣ್ಣ ಅಕ್ಷರದಲ್ಲಿ ನಮ್ಮ ಭಾಗದ ಜನರಿಗೆ ಮುಖ್ಯವಾದ ಒಂದು ಮಾತಿದೆ: ಎಚ್‌ಪಿಯ ಹೊಸ ಅಥವಾ ಮರುಬಳಕೆಯ ಚಿಪ್ ಇರುವ ಕಾರ್ಟ್ರಿಜ್ ನಡೆಯುತ್ತದೆ ಎಂದು. ಅಂದರೆ ಕಂಪನಿಯದೇ ಡಬ್ಬಿಗೆ ಮತ್ತೆ ಶಾಯಿ ತುಂಬಿಸಿದ ರೀಫಿಲ್‌ಗೆ ಈ ಬೀಗ ಅನ್ವಯಿಸುವುದಿಲ್ಲ. ಬೀಗ ಬೀಳುವುದು ಬೇರೆಯವರ ಚಿಪ್ ಇರುವ ಕಂಪ್ಯಾಟಿಬಲ್‌ಗೆ. ರೀಫಿಲ್ ಮಾಡಿದ ಮೇಲೆ ಪರದೆಯಲ್ಲಿ ‘ಶಾಯಿ ಖಾಲಿ’ ಎಂದೋ ‘ಬಳಸಿದ ಕಾರ್ಟ್ರಿಜ್’ ಎಂದೋ ತೋರಿಸುವುದು ಬೀಗವಲ್ಲ. ಹಳೆಯ ಲೆಕ್ಕ ಮರೆಯದ ಯಂತ್ರದ ಗೊಣಗಾಟ ಅದು. ಹಲವು ಮಾದರಿಗಳಲ್ಲಿ ಸರಿ ಎಂದು ಒತ್ತಿದರೆ ಕೆಲಸ ಮುಂದುವರಿಯುತ್ತದೆ. ಕ್ಯಾನನ್‌ನ ಅನೇಕ ಮಾದರಿಗಳಲ್ಲಿ ಸ್ಟಾಪ್ ಗುಂಡಿಯನ್ನು ಐದು ಸೆಕೆಂಡ್ ಒತ್ತಿ ಹಿಡಿದರೆ ಶಾಯಿ ಅಳೆಯುವ ವ್ಯವಸ್ಥೆಯೇ ಸುಮ್ಮನಾಗುತ್ತದೆ. ಕಂಪನಿಯ ಕೈಪಿಡಿಯಲ್ಲೇ ಇರುವ ದಾರಿ ಇದು.

ಚಿಪ್ ನಿಜಕ್ಕೂ ಮುದ್ರಣದ ಗುಣಮಟ್ಟಕ್ಕೆ ಬೇಕೇ ಎಂಬ ಪ್ರಶ್ನೆಗೆ ಕ್ಯಾನನ್ ತನಗೆ ಗೊತ್ತಿಲ್ಲದೆಯೇ ಉತ್ತರ ಕೊಟ್ಟಿತು. 2022ರ ಆರಂಭದಲ್ಲಿ ಜಗತ್ತಿನಾದ್ಯಂತ ಚಿಪ್‌ಗಳ ಕೊರತೆ ಇದ್ದಾಗ ಕಂಪನಿ ತನ್ನ ಕೆಲವು ಕಚೇರಿ ಯಂತ್ರಗಳ ಟೋನರ್ ಅನ್ನು ಚಿಪ್ ಇಲ್ಲದೆಯೇ ಮಾರಬೇಕಾಯಿತು. ಜರ್ಮನಿಯ ಗ್ರಾಹಕರಿಗೆ, ಪರದೆಯಲ್ಲಿ ಎಚ್ಚರಿಕೆ ಬಂದರೆ ದಾಟಿಕೊಂಡು ಹೋಗುವುದು ಹೇಗೆಂದು ತಾನೇ ಹೇಳಿಕೊಟ್ಟಿತು. ಮುದ್ರಣಕ್ಕೆ ತೊಂದರೆಯಿಲ್ಲ, ಟೋನರ್ ಎಷ್ಟಿದೆ ಎಂದು ತೋರಿಸುವುದಷ್ಟೇ ತಪ್ಪಬಹುದು ಎಂದು ಭರವಸೆಯನ್ನೂ ಕೊಟ್ಟಿತು.

ವೈರಸ್ ಬರುತ್ತದೆಯೇ

ಎಚ್‌ಪಿ ಹಣ ಕೊಟ್ಟು ನಡೆಸಿದ ದೋಷ ಹುಡುಕಾಟದಲ್ಲಿ, ತಿದ್ದಿದ ಚಿಪ್ ಇರುವ ಕಾರ್ಟ್ರಿಜ್ ಮೂಲಕ ಒಂದು ಪ್ರಿಂಟರ್‌ನ ಒಳಗೆ ನುಗ್ಗುವುದು ಸಾಧ್ಯವೆಂದು ಸಂಶೋಧಕರೊಬ್ಬರು ತೋರಿಸಿದ್ದರು. ಸಾಧ್ಯ ಎಂಬುದಕ್ಕೂ ನಡೆಯುತ್ತಿದೆ ಎಂಬುದಕ್ಕೂ ಅಂತರವಿದೆ. ಮನೆಯ ಪ್ರಿಂಟರ್‌ಗಳ ಮೇಲೆ ಇಂಥ ದಾಳಿ ನಡೆದದ್ದಕ್ಕೆ ಕಂಪನಿ ಉದಾಹರಣೆ ಕೊಟ್ಟಿಲ್ಲ. ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ಸಿರಿಂಜಿನಿಂದ ತುಂಬುವ ಶಾಯಿಯಲ್ಲಂತೂ ವೈರಸ್ ಇರಲು ಸಾಧ್ಯವೇ ಇಲ್ಲ. ಅಲ್ಲಿ ಬದಲಾಗುವುದು ದ್ರವ, ಚಿಪ್ ಅಲ್ಲ. ಚಿಪ್‌ನ ಮಾತನ್ನು ಪ್ರಿಂಟರ್ ಪರೀಕ್ಷಿಸದೆ ನಂಬುತ್ತದೆ ಎಂದಾದರೆ ಅದು ಪ್ರಿಂಟರ್‌ನ ದೋಷ. ತಿದ್ದಬೇಕಾದವರು ಅದನ್ನು ಮಾಡಿದವರು.

ಕಂಪನಿಗಳ ವಾದದಲ್ಲಿ ಇರುವ ಹುರುಳು

ಹಾಗೆಂದು ಎಲ್ಲ ಎಚ್ಚರಿಕೆಯೂ ವ್ಯಾಪಾರದ ಹುನ್ನಾರವಲ್ಲ. ಇಂಕ್‌ಜೆಟ್ ಶಾಯಿಯಲ್ಲಿ ಎರಡು ಜಾತಿ. ಡೈ ಶಾಯಿ ಎಂದರೆ ನೀರಿನಲ್ಲಿ ಸಕ್ಕರೆಯಂತೆ ಬಣ್ಣ ಕರಗಿರುವುದು. ಪಿಗ್ಮೆಂಟ್ ಶಾಯಿ ಎಂದರೆ ರಾಗಿ ಅಂಬಲಿಯಂತೆ ಸೂಕ್ಷ್ಮ ಕಣಗಳು ತೇಲುತ್ತಿರುವುದು. ಎಚ್‌ಪಿ, ಕ್ಯಾನನ್‌ಗಳ ಅನೇಕ ಕಪ್ಪು ಕಾರ್ಟ್ರಿಜ್‌ಗಳು ಪಿಗ್ಮೆಂಟ್, ಬಣ್ಣದವು ಡೈ. ಪಿಗ್ಮೆಂಟ್ ಇದ್ದ ಡಬ್ಬಿಗೆ ಡೈ ಸುರಿದರೆ ಎರಡರ ರಸಾಯನ ಹೊಂದದೆ ಕಣಗಳು ಒಡೆದ ಹಾಲಿನಂತೆ ಗಂಟುಗಟ್ಟಬಹುದು. ಗಂಟು ಹೋಗಿ ಹೆಡ್‌ನ ರಂಧ್ರದಲ್ಲಿ, ಅಂದರೆ ನಾಝಲ್‌ನಲ್ಲಿ ಕೂರುತ್ತದೆ. ‘ಯೂನಿವರ್ಸಲ್’ ಎಂದು ಬರೆದ ಬಾಟಲಿ ಎಲ್ಲಕ್ಕೂ ನಡೆಯುತ್ತದೆ ಎಂಬ ನಂಬಿಕೆ ಕೆಡಿಸಿದಷ್ಟು ಕಾರ್ಟ್ರಿಜ್‌ಗಳನ್ನು ಬೇರಾವುದೂ ಕೆಡಿಸಿರಲಾರದು.

ಬಾಳಿಕೆಯ ಪ್ರಶ್ನೆ ಇನ್ನೂ ಗಂಭೀರ. ಡೈ ಶಾಯಿಯ ಅಕ್ಷರದ ಮೇಲೆ ಜೂನ್ ತಿಂಗಳ ಒಂದು ಮಳೆಹನಿ ಬಿದ್ದರೆ ನೀಲಿ-ಕಪ್ಪು ಹೂವು ಅರಳುತ್ತದೆ. ಪಿಗ್ಮೆಂಟ್ ಆದರೆ ಅಷ್ಟು ಸುಲಭವಾಗಿ ಕದಲುವುದಿಲ್ಲ, ಬಿಸಿಲಿಗೂ ಬೇಗ ಮಾಸುವುದಿಲ್ಲ. ಶಾಲೆಯ ಪ್ರಾಜೆಕ್ಟ್‌ಗೆ ಇದು ಲೆಕ್ಕವಲ್ಲ. ಧಾರವಾಡದ ಹೈಕೋರ್ಟ್ ಪೀಠಕ್ಕೆ ಸಲ್ಲಿಸುವ ಪ್ರಮಾಣಪತ್ರ, ಬಾಡಿಗೆ ಕರಾರು, ಹೊಲದ ವಾಟ್ನಿ ಪತ್ರ ಇವುಗಳಿಗೆ ಲೆಕ್ಕ. ಇಂಥ ಕಾಗದಗಳಿಗೆ ಲೇಸರ್ ಪ್ರಿಂಟ್ ತೆಗೆಸುವುದೇ ಲೇಸು.

ಶಾಯಿಯದಲ್ಲದ ತಪ್ಪುಗಳೂ ಶಾಯಿಯ ತಲೆಗೆ ಬರುತ್ತವೆ. ಮಾರ್ಚ್‌ನಿಂದ ಮೇ ವರೆಗಿನ ಬಯಲುಸೀಮೆಯ ಒಣ ಬಿಸಿಲು, ಆ ಹೊತ್ತಿಗೇ ಬರುವ ಶಾಲೆಯ ರಜೆ. ಗದಗ, ಹಾವೇರಿ ಕಡೆಯ ಊರಿಗೆ ಹೋದ ಕುಟುಂಬ ತಿಂಗಳ ಮೇಲೆ ಮರಳುವಾಗ ಪ್ರಿಂಟರ್‌ನ ನಾಝಲ್‌ಗಳಲ್ಲಿ ಶಾಯಿ ಒಣಗಿ ಗಟ್ಟಿಯಾಗಿರುತ್ತದೆ. ಒರಿಜಿನಲ್ ಶಾಯಿಯೂ ಒಣಗುತ್ತದೆ. ಆದರೆ ಹೋದ ಸಲ ರೀಫಿಲ್ ಮಾಡಿಸಿದ್ದರೆ ಅಪರಾಧಿ ಸಿದ್ಧವಾಗಿಯೇ ಇರುತ್ತಾನೆ. ಇನ್ನೊಂದು, ಗೋಡೆಯ ಸ್ವಿಚ್. ಪ್ರಿಂಟರ್ ಅನ್ನು ಅದರದೇ ಗುಂಡಿಯಿಂದ ಆರಿಸಿದರೆ ಹೆಡ್ ಮೂಲೆಗೆ ಸರಿದು ರಬ್ಬರ್ ಮುಚ್ಚಳದ ಮೇಲೆ ಕೂರುತ್ತದೆ. ಮುದ್ರಣದ ನಡುವೆ ಹೆಸ್ಕಾಂ ಕರೆಂಟ್ ತೆಗೆದರೆ, ಅಥವಾ ಅವಸರಕ್ಕೆ ಗೋಡೆಯಲ್ಲೇ ಆರಿಸಿದರೆ, ಹೆಡ್ ಬಾಯಿ ತೆರೆದುಕೊಂಡೇ ನಡುದಾರಿಯಲ್ಲಿ ನಿಲ್ಲುತ್ತದೆ. ಕರೆಂಟ್ ಬಂದ ಮೇಲೆ ಒಮ್ಮೆ ಹಾಕಿ, ಗುಂಡಿಯಿಂದಲೇ ಆರಿಸುವ ಅಭ್ಯಾಸ ಯಾವ ದುಬಾರಿ ಶಾಯಿಗಿಂತಲೂ ಹೆಚ್ಚು ಹೆಡ್‌ಗಳನ್ನು ಉಳಿಸುತ್ತದೆ.

ಕಾನೂನು ಎಲ್ಲಿ ನಿಂತಿದೆ

ಅಮೆರಿಕದ ಸುಪ್ರೀಂ ಕೋರ್ಟ್ 2017ರ ಮೇ 30ರಂದು ಲೆಕ್ಸ್‌ಮಾರ್ಕ್ ಎಂಬ ಪ್ರಿಂಟರ್ ಕಂಪನಿಯ ಪ್ರಕರಣದಲ್ಲಿ, ಒಮ್ಮೆ ಮಾರಿದ ಕಾರ್ಟ್ರಿಜ್ ಮೇಲೆ ತಯಾರಕನ ಪೇಟೆಂಟ್ ಹಕ್ಕು ಮುಗಿಯುತ್ತದೆ, ಕೊಂಡವನು ಅದನ್ನು ಮತ್ತೆ ತುಂಬಿಸಿ ಮಾರಿದರೆ ಪೇಟೆಂಟ್ ಕಾನೂನಿನಡಿ ತಡೆಯಲಾಗದು ಎಂದಿತು. ಇಲ್ಲೊಂದು ತಮಾಷೆಯಿದೆ. ತೀರ್ಪು ಬರುವ ಹೊತ್ತಿಗೆ ಲೆಕ್ಸ್‌ಮಾರ್ಕ್ ಕಂಪನಿಯನ್ನೇ, ಕಂಪ್ಯಾಟಿಬಲ್ ಕಾರ್ಟ್ರಿಜ್‌ನಲ್ಲಿ ಹಣ ಮಾಡಿದ ಝುಹಾಯ್‌ನ ಉದ್ಯಮ ಸಮೂಹ 2016ರಲ್ಲಿ ಕೊಂಡುಕೊಂಡಾಗಿತ್ತು. 2025ರಲ್ಲಿ ಅದು ಮತ್ತೆ ಕೈ ಬದಲಿಸಿ ಝೆರಾಕ್ಸ್ ಪಾಲಾಯಿತು. ನಮ್ಮ ಪ್ರತಿ ಓಣಿಯ ಬೋರ್ಡಿನಲ್ಲಿ ಬಾಡಿಗೆ ಕೊಡದೆ ನೇತಾಡುತ್ತಿರುವ ಅದೇ ಹೆಸರು.

ಆ ತೀರ್ಪು ನಮ್ಮನ್ನು ಕಟ್ಟಿಹಾಕುವುದಿಲ್ಲ. ಭಾರತದಲ್ಲಿ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 30ನೇ ಸೆಕ್ಷನ್, ಒಂದು ಬಿಡಿಭಾಗ ಯಾವ ಯಂತ್ರಕ್ಕೆ ಹೊಂದುತ್ತದೆ ಎಂದು ತಿಳಿಸಲು ಅಗತ್ಯವಿದ್ದಷ್ಟು ಆ ಯಂತ್ರದ ಹೆಸರು ಬಳಸಲು ಅವಕಾಶ ಕೊಡುತ್ತದೆ. ‘ಇಂಥ ಪ್ರಿಂಟರ್‌ಗೆ ಹೊಂದುವ ಶಾಯಿ’ ಎಂದು ಬರೆಯುವುದು ತಪ್ಪಲ್ಲ. ಕಂಪನಿಯದೇ ಮಾಲು ಎಂಬ ಭಾವನೆ ಬರುವಂತೆ ಬರೆದರೆ ತಪ್ಪು. ಖೊಟ್ಟಿ ಟ್ರೇಡ್ ಮಾರ್ಕ್ ಹಚ್ಚಿ ಮಾರಿದವರಿಗೆ ಅದೇ ಕಾಯ್ದೆಯಲ್ಲಿ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50 ಸಾವಿರದಿಂದ ಎರಡು ಲಕ್ಷ ರೂಪಾಯಿವರೆಗೆ ದಂಡವಿದೆ.

ಹೊರಗಿನ ಶಾಯಿ ಹಾಕಿದರೆ ವಾರಂಟಿ ಹೋಯಿತು ಎಂಬ ಮಾತು ಪೂರ್ತಿ ನಿಜವಲ್ಲ. ಎಚ್‌ಪಿಯ ವಾರಂಟಿ ಪತ್ರವೇ, ರೀಫಿಲ್ ಬಳಸಿದ ಮಾತ್ರಕ್ಕೆ ವಾರಂಟಿಗೆ ಧಕ್ಕೆಯಿಲ್ಲ, ಆ ಶಾಯಿಯಿಂದಲೇ ಹಾನಿಯಾಗಿದ್ದರೆ ದುರಸ್ತಿಗೆ ಹಣ ಪಡೆಯುತ್ತೇವೆ ಎನ್ನುತ್ತದೆ. ಸರ್ವೀಸ್ ಕೌಂಟರ್‌ನಲ್ಲಿ ಮಾತ್ರ ಎರಡನೆಯ ಅರ್ಧ ಮೊದಲು ಕೇಳಿಸುತ್ತದೆ.

ಇದಕ್ಕೆ ಸಮೀಪದ ಭಾರತೀಯ ನಿದರ್ಶನ ಬಂದಿರುವುದು ಕಾರುಗಳಿಂದ. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ, ಬಿಡಿಭಾಗಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕಾಗಿ 14 ಕಾರು ಕಂಪನಿಗಳಿಗೆ ಒಟ್ಟು 2,544.65 ಕೋಟಿ ರೂಪಾಯಿ ದಂಡ ಹಾಕಿತು. ಹೊರಗೆ ದುರಸ್ತಿ ಮಾಡಿಸಿದರು ಎಂಬ ಒಂದೇ ಕಾರಣಕ್ಕೆ ವಾರಂಟಿಯನ್ನು ಸಾರಾಸಗಟಾಗಿ ರದ್ದು ಮಾಡಬಾರದು, ಆ ದುರಸ್ತಿಯಿಂದ ಆದ ಹಾನಿಯಷ್ಟಕ್ಕೆ ಮಾತ್ರ ನಿರಾಕರಿಸಬಹುದು ಎಂದೂ ಹೇಳಿತು. ಆದೇಶ ಮೇಲ್ಮನವಿಗಳಿಗೆ ಒಳಗಾಯಿತು. ಪ್ರಿಂಟರ್‌ಗಳಿಗೆ ಅದು ನೇರವಾಗಿ ಅನ್ವಯಿಸುವುದೂ ಇಲ್ಲ. ಆದರೆ ತರ್ಕ ಅದೇ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, ಒಂದು ಸರಕು ಬೇಕಿದ್ದರೆ ಇನ್ನೊಂದನ್ನೂ ಕೊಳ್ಳಲೇಬೇಕು ಎಂಬ ಷರತ್ತನ್ನು ನಿರ್ಬಂಧಕ ವ್ಯಾಪಾರ ಪದ್ಧತಿ ಎಂದು ಕರೆಯುತ್ತದೆ. ಕೊಂಡ ಮೇಲೆ ಅಪ್‌ಡೇಟ್ ಮೂಲಕ ಬಿದ್ದ ಬೀಗವನ್ನು ಈ ವ್ಯಾಖ್ಯೆಯಡಿ ತರಬಹುದೇ ಎಂಬುದು ವಾದಿಸಬಹುದಾದ ಪ್ರಶ್ನೆ. ಧಾರವಾಡದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಲು ಐದು ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಆದರೂ ಒಂದು ಕಾರ್ಟ್ರಿಜ್‌ಗಾಗಿ ಯಾರು ತಾರೀಖಿನ ಮೇಲೆ ತಾರೀಖು ಅಲೆಯುತ್ತಾರೆ? ನಷ್ಟ ಸಣ್ಣದಾಗಿ ಲಕ್ಷಾಂತರ ಜನರಲ್ಲಿ ಹಂಚಿಹೋಗಿರುವುದೇ ಈ ವ್ಯವಸ್ಥೆಯ ಬಲ. 2022ರಲ್ಲಿ ಕೇಂದ್ರ ಸರ್ಕಾರ ‘ದುರಸ್ತಿ ಹಕ್ಕು’ ಕುರಿತು ಸಮಿತಿ ಮಾಡಿದಾಗ ಆರಿಸಿಕೊಂಡದ್ದು ಕೃಷಿ ಯಂತ್ರ, ಮೊಬೈಲ್-ಟ್ಯಾಬ್ಲೆಟ್, ಗೃಹೋಪಯೋಗಿ ವಸ್ತು, ವಾಹನ ಎಂಬ ನಾಲ್ಕು ವಲಯಗಳನ್ನು. ಪ್ರಿಂಟರ್‌ನ ಹೆಸರು ಅಲ್ಲಿ ಎದ್ದು ಕಾಣುವುದಿಲ್ಲ.

ಮುಂದೇನಾಗಬಹುದು

ಈ ಜಗ್ಗಾಟದಲ್ಲಿ ಗ್ರಾಹಕ ಒಮ್ಮೆ ಗೆದ್ದಿದ್ದಾನೆ, ಅದೂ ನ್ಯಾಯಾಲಯದ ಹೊರಗೆ. ಟ್ಯಾಂಕ್ ಪ್ರಿಂಟರ್ ಬರುವ ಮೊದಲು ಏಷ್ಯಾದ ಅಂಗಡಿಗಳಲ್ಲಿ ಪ್ರಿಂಟರ್‌ನ ಪಕ್ಕಕ್ಕೆ ಶಾಯಿ ಬಾಟಲಿಗಳನ್ನು ಸಾಲಾಗಿ ಇಟ್ಟು, ಸಪೂರ ಕೊಳವೆಗಳಿಂದ ಕಾರ್ಟ್ರಿಜ್‌ಗೆ ಜೋಡಿಸುವ ಕೈಚಳಕ ಬೆಳೆದಿತ್ತು. ಅದನ್ನು ತಡೆಯಲಾಗದ ಎಪ್ಸನ್ ಅದನ್ನೇ ಒಪ್ಪವಾಗಿ ಮಾಡಿ 2010ರಲ್ಲಿ ಇಂಡೊನೇಷ್ಯಾದಲ್ಲಿ ಮಾರಾಟಕ್ಕಿಟ್ಟಿತು. ಬೆನ್ನಲ್ಲೇ ಭಾರತಕ್ಕೂ ತಂದಿತು. ಕ್ಯಾನನ್, ಎಚ್‌ಪಿ ಹಿಂಬಾಲಿಸಿದವು. ಯಂತ್ರಕ್ಕೆ ಹೆಚ್ಚು ಬೆಲೆ, ಶಾಯಿಗೆ ಕಡಿಮೆ: ಹೊರಗಿನವರ ಪೈಪೋಟಿ ಇಲ್ಲದಿದ್ದರೆ ಈ ತಿರುವು ಬರುತ್ತಿರಲಿಲ್ಲ. ಬೀಗ ಇನ್ನಷ್ಟು ಬಿಗಿಯಾದರೆ ಮುಂದಿನ ಇಂಥ ತಿರುವಿನ ದಾರಿಯೂ ಮುಚ್ಚುತ್ತದೆ ಎಂಬುದೇ ನಿಜವಾದ ಆತಂಕ.

ಕಂಪನಿಗಳ ಚಿತ್ತ ಈಗ ತಿಂಗಳ ಬಾಡಿಗೆಯತ್ತ ಇದೆ. ಎಚ್‌ಪಿಯ ಇನ್‌ಸ್ಟಂಟ್ ಇಂಕ್‌ನಂಥ ಯೋಜನೆ ಇರುವ ದೇಶಗಳಲ್ಲಿ ಪುಟಗಳ ಲೆಕ್ಕದಲ್ಲಿ ಹಣ ಕಟ್ಟಬೇಕು. ಕಟ್ಟುವುದು ನಿಂತರೆ ಡಬ್ಬಿಯಲ್ಲಿ ಶಾಯಿ ಇದ್ದರೂ ಮುದ್ರಣ ನಿಲ್ಲುತ್ತದೆ. ಇನ್ನೊಂದೆಡೆ 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳು ಪ್ರಿಂಟರ್ ಜೊತೆಗೆ ಕಾರ್ಟ್ರಿಜ್ ಅನ್ನೂ ತಯಾರಕರ ಹೊಣೆಯ ಪಟ್ಟಿಯಲ್ಲಿ ಇಟ್ಟಿವೆ. ಖಾಲಿ ಡಬ್ಬಿಯನ್ನು ಮತ್ತೆ ತುಂಬಿಸುವುದಕ್ಕಿಂತ ಒಳ್ಳೆಯ ತ್ಯಾಜ್ಯ ನಿರ್ವಹಣೆ ಇಲ್ಲ. ಒಂದು ಕೈಯಲ್ಲಿ ಈ ನಿಯಮ, ಇನ್ನೊಂದು ಕೈಯಲ್ಲಿ ಶಾಯಿ ಇರುವ ಡಬ್ಬಿಯನ್ನೂ ತಡೆಯುವ ಕಂಪನಿಗಳ ಬೀಗ ಎರಡನ್ನೂ ಸರ್ಕಾರ ಎಷ್ಟು ಕಾಲ ಹಿಡಿದಿರುತ್ತದೆ ಎಂಬುದನ್ನು ನೋಡಬೇಕು.

ಸದ್ಯಕ್ಕೆ ಹೊಸ ಪ್ರಿಂಟರ್ ಕೊಳ್ಳುವವರು ನೋಡಬೇಕಾದದ್ದು ಯಂತ್ರದ ಬೆಲೆಯನ್ನಲ್ಲ, ಪೆಟ್ಟಿಗೆಯ ಬದಿಯ ಸಣ್ಣ ಅಕ್ಷರ ಮತ್ತು ಶಾಯಿಯ ಪುಟಲೆಕ್ಕವನ್ನು. ಟ್ಯಾಂಕ್ ಕೊಂಡವರು ಕಂಪನಿಯ ಬಾಟಲಿಯಲ್ಲೇ ಉಳಿಯುವುದು ಲೇಸು. ಕಾರ್ಟ್ರಿಜ್ ಇರುವವರು ಪೂರ್ತಿ ಒಣಗುವ ಮೊದಲೇ ರೀಫಿಲ್‌ಗೆ ಒಯ್ಯಬೇಕು, ಏಕೆಂದರೆ ಒಳಗಿನ ಸ್ಪಂಜು ಒಣಗಿದರೆ ಶಾಯಿ ಹೀರುವುದಿಲ್ಲ.

ಕೆಲಸ ಬಲ್ಲ ರೀಫಿಲ್‌ನವನು ಮೂರು ಬಣ್ಣದ ಕಾರ್ಟ್ರಿಜ್‌ನ ಮೇಲಿನ ಲೇಬಲ್ ಎತ್ತಿ, ಮೂರು ರಂಧ್ರಗಳಿಗೂ ಒಂದೊಂದು ಕಡ್ಡಿ ಇಳಿಸಿ ಯಾವ ಕೋಣೆಯಲ್ಲಿ ಯಾವ ಬಣ್ಣವೆಂದು ಮೊದಲು ನೋಡುತ್ತಾನೆ. ಸೂಜಿಯನ್ನು ಸ್ಪಂಜಿನ ತಳದವರೆಗೆ ಇಳಿಸಿ, ಗಾಳಿ ಗುಳ್ಳೆ ಸಿಕ್ಕಿಕೊಳ್ಳದಂತೆ ನಿಧಾನವಾಗಿ ಒತ್ತುತ್ತಾನೆ. ಕೊನೆಗೆ ಹೆಡ್ ಅನ್ನು ಒದ್ದೆ ಟಿಶ್ಯೂ ಕಾಗದದ ಮೇಲೆ ಒಮ್ಮೆ ಒತ್ತಿ ಎತ್ತುತ್ತಾನೆ. ಹಣ ಕೊಡುವ ಮುನ್ನ ಆ ಟಿಶ್ಯೂ ತೋರಿಸಲು ಕೇಳಿ. ಗುಲಾಬಿ, ಹಳದಿ, ನೀಲಿ ಮೂರು ಪಟ್ಟಿಗಳು ಅಕ್ಕಪಕ್ಕ, ಒಂದರ ಬಣ್ಣ ಇನ್ನೊಂದಕ್ಕೆ ಹರಿಯದೆ ಮೂಡಿದ್ದರೆ ಕಾರ್ಟ್ರಿಜ್ ಮನೆಗೆ ಒಯ್ಯಬಹುದು.